ತೂಕದ ಚೀಟಿ

ಮೂವತ್ತೊಂದ ವರ್ಷ ಹುಡ್ ಹೊಲದೀನಿ ನಾ,
ಟಾಂಗಾಕ್ಕ, ಟೆಂಪೋಕ್ಕ, ಆಟೋಕ್ಕ, ಜೀಪಿಗೆ.
ಗೋಕುಲ ರೋಡಿನ ನಾಗೂಸಾ ಮೆಹರವಾಡೆ
ಹೇಳಿ ಕಳಿಸಿದ: "ಬಾ ಹಜರೇಸಾಬ, ಒಂದ ಮಜಾ ಐತಿ."

ಕೆಂಪ ಕಾರು. ಎರಡ ಬಾಗಲಾ. ತಲಿಮ್ಯಾಲ ಕರೇ ಅರಬಿ.
ಗುಂಡಿ ಒತ್ತಿದರ ಅರಬಿ ತಾನ ಮಡಚಿಗೊಂಡು
ಡಿಕ್ಕಿಯೊಳಗ ಹೋಗಿ ಮಲಗತೈತಿ
ಉಂಡ ಕೂಸಿನಂಗ.
ಆಮ್ಯಾಲೆ ಆ ಡಿಕ್ಕಿಯೊಳಗ
ಒಂದ ಬುತ್ತಿ ಡಬ್ಬಿ ಹಿಡದರ ಪುಣ್ಯಾ.

"ಹನ್ನೆರಡ ಸೆಕೆಂಡ್" ಅಂದ ನಾಗೂಸಾ.
ನನ್ನ ಗಡಿಯಾರದಾಗ ಇಪ್ಪತ್ಮೂರು.
"ಗಡಿಯಾರ ಹಳೇದು ನಿಂದು."
ಕಾರೂ ಹಳೇದ. ನಾ ಅನಲಿಲ್ಲ.
ಎಡಗಡೆ ಮೂಲ್ಯಾಗ ಬಿಚ್ಚಿದ ಹೊಲಿಗಿ
ಅಷ್ಟರಾಗ ನನಗ ಕಣ್ಣ ಹೊಡದಿತ್ತು.
ಇನ್ನೂರ ರೂಪಾಯಿ ಕಿಸೆಕ್ಕ ತುರುಕಿದ.
ಮೇಣದ ದಾರ, ಹದಿನೆಂಟರ ಸೂಜಿ. ಹೊಲದೆ.

ನಾಕಕ್ಕ ಬಂದರು ಹಲ್ಲಿನ ಡಾಕ್ಟರು, ಶಾಂಭವಿ ಗಾಮನಗಟ್ಟಿ.
ಬಾಯಿ ತೆರದ ಕಾರನ್ನ ಬಗ್ಗಿ ನೋಡಿದರು
ಯಾವ ಹಲ್ಲು ಹುಳಕಂತ.
"ಮಾಳಿಗಿ ಇಲ್ಲ ಮೇಡಮ್, ಅಂದಮ್ಯಾಲ ತೂಕ ಇಲ್ಲ,
ತೂಕ ಇಲ್ಲ ಅಂದಮ್ಯಾಲ ಎಣ್ಣಿ ಕುಡಿಯಂಗಿಲ್ಲ."
ಡಾಕ್ಟರು ಮಾತಾಡಲಿಲ್ಲ. ಸೀದಾ ಅಮರಗೋಳ,
ಎಪಿಎಂಸಿ ತೂಕದ ಕಟ್ಟಿ.
ಮುಂದ ಹತ್ತಿ ಲಾರಿ, ಹಿಂದ ಮೆಣಸಿನಕಾಯಿ ಲಾರಿ,
ನಡುವ ಮದಲಗಿತ್ತಿಯಂಗ ನಾವು.
ಮಾಳಿಗಿ ಇಲ್ಲದ್ದಕ್ಕ ಮೂವರೂ ಸೀನಿದಿವಿ.

ಚೀಟಿ ಬಂತು. ನಾವೆಲ್ಲಾ ಇಳದ ಮ್ಯಾಲೂ
ಮಾಳಿಗಿ ಇದ್ದ ಅದರ ಅಣ್ಣಗಿಂತ
ನೂರಾ ಐವತ್ತ ಕಿಲೋ ಹೆಚ್ಚು.
ಮ್ಯಾಲ ಕೊಯ್ದರ ಗೋಡಿ ನಡಗತಾವ,
ಅದಕ್ಕ ಕೆಳಗ ಕಬ್ಬಣಾ ತುಂಬಿರತಾರ.
ನಾಗೂಸಾ ಚೀಟಿ ತಿರುವಿ ಹಿಂದಿನ ಮಗ್ಗಲಾ ನೋಡಿದ.

ಬೈಪಾಸಿಗೆ ಬಂದಾಗ ಮತ್ತ ಸುರು:
"ಕಾಚ ಏರಸ್ರಿ, ಗಾಳಿ ತಲಿಮ್ಯಾಲ ಹಾದ ಹೊಕ್ಕೈತಿ,
ಕೂದಲಾ ಅಳಗಾಡಂಗಿಲ್ಲ."
ಇದಂತೂ ಶುದ್ಧ ಸುಳ್ಳಂತ ಟೊಪಿಗಿ ಹಿಡಕೊಂಡ ಕುಂತೆ.
ಎಂಬತ್ತಕ್ಕ ಹೋತು ಮುಳ್ಳು. ಕೈ ಬಿಟ್ಟೆ.
ಟೊಪಿಗಿ ಅಲ್ಲೇ ಇತ್ತು!
ಹಿಂದಿನ ಸೀಟಿನ್ಯಾಗ ಮಾತ್ರ
ಟೈ ಮಾರಿಗೆ ಪಟಪಟ ಬಡಕೋತ
ಕಣ್ಣ ಮುಚ್ಚಿ ಕುಂತಿದ್ದ ನಾಗೂಸಾ.
ತಾ ಹೇಳಿದ ಒಂದ ಖರೇ ಮಾತೂ
ಅವಗ ಸಿಗಲಿಲ್ಲ.

ರಾಯಾಪುರದ ಹಂತೇಲಿ ಅಡ್ಡಮಳಿ ಹನಿ.
ಹುಡ್ ಹಾಕೊಂಡ ನಿಂತಿವಿ.
"ಇದು ಸೋರತದೇನ್ರಿ?"
ನನ್ನ ಕೇಳಿದರು, ಅವನ್ನಲ್ಲ.
ಕಿಸೆದಾಗ ಇನ್ನೂರು ಬೆಚ್ಚಗ ಇದ್ದವು.
ಮೂವತ್ತೊಂದ ವರ್ಷ ನಾನೂ ಹೇಳೇನಿ ಗಿರಾಕಿಗೆ,
ನನ್ನ ಹೊಲಿಗಿ ಹನಿ ಬಿಡಂಗಿಲ್ಲಂತ.
ಸೂಜಿ ಹೋದಲ್ಲೆಲ್ಲಾ ತೂತು,
ದಾರ ತುಂಬಿರೂತನಕ ನಂಬಿಗಿ.
"ಎಡಗಡೆ ಮೂಲಿ" ಅಂದೆ. "ಎರಡ ಮಳಿಗಾಲ. ಆಮ್ಯಾಲೆ ಸೋರತೈತಿ."

"ಎಲ್ಲಿ ಅಂತ ಗೊತ್ತಾತಲ್ಲ, ಸಾಕು."
ನಲವತ್ತ ಸಾವಿರ ಇಳಿಸಿ ಒಯ್ದರು.

ನಾಗೂಸಾ ಎಂಟ ದಿವಸ ಮಾತ ಬಿಟ್ಟ.
ಒಂಬತ್ತಕ್ಕ ಫೋನು: "ಇನ್ನೊಂದ ಬಂದೈತಿ, ಹಳದಿ.
ಈ ಸಲ ಹೊಲದ ಕೊಟ್ಟು ಮನಿಗೆ ಹೋಗು."

ತೂಕದ ಚೀಟಿ ಮಶೀನಿನ ಮ್ಯಾಲ ಅಂಟಿಸೇನಿ.
ಅಂಗಡಿ ಬೋರ್ಡಿನ್ಯಾಗ
"ಸೋರುವುದಿಲ್ಲ, ಗ್ಯಾರಂಟಿ" ಅಂತೈತಿ.
ಅಳಿಸಬೇಕಂತೀನಿ.
ಪೇಂಟರ್ ಸಿಕ್ಕಿಲ್ಲ ಇನ್ನಾ.