ಹಾಯಿಗಂಬ ಬೀಳದ ಹಾಗೆ

ಏಪ್ರಿಲ್ ಎರಡನೇ ವಾರ. ಹಿಯುಮಾ ದ್ವೀಪದ ಈ ಪುಟ್ಟ ಬಂದರಲ್ಲಿ
ಮಂಜುಗಡ್ಡೆ ಇನ್ನೂ ಕಟ್ಟೆಯ ಸಂದಿಗಳಲ್ಲಿ
ಒಡೆದ ತಟ್ಟೆಯ ಹಾಗೆ ಟಣಗುಡುತ್ತಿದೆ.
ದೋಣಿ ಇಪ್ಪತ್ತೆರಡಡಿ. ಕಂಬ ಹಿಡಿದ ತಂತಿ ಎಂಟು.
ವಯಸ್ಸು ನನ್ನ ಮಗಳಿಗಿಂತ ಮೂರು ಜಾಸ್ತಿ.

ನೋಡಲು ಹೊಳೆಯುತ್ತಿದ್ದವು, ಸುಳ್ಳೇಕೆ.
ಒರೆಸುವ ಬಟ್ಟೆ ಮಾತ್ರ ಒಂದು ಕಡೆ ಸಿಕ್ಕಿಕೊಂಡಿತು.
ಎಳೆದೆ. ಹೆಬ್ಬೆರಳಿಗೆ ಸೂಜಿ.
ಹತ್ತೊಂಬತ್ತು ಎಳೆಗಳಲ್ಲಿ ಒಂದು ಬಿಟ್ಟುಕೊಟ್ಟಿತ್ತು;
ಉಳಿದ ಹದಿನೆಂಟು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.
ತಂತಿ ಬಂತೆಂದರೆ ಹಿಂದಿನವರು
ಓದುವ ಮೊದಲೇ ಅಳುತ್ತಿದ್ದರಂತೆ.
ನಾನು ಬೆರಳು ಚೀಪುತ್ತಾ ಓದಿದೆ.

ಕಸುಬಿನವನನ್ನು ಕರೆದರೆ ಕೂಲಿಯೇ ದೋಣಿಯ ಬೆಲೆ.
ಹಾಗಾಗಿ ನಾನೇ.
ಒಂದು ಬಿಚ್ಚು, ಒಂದು ಕಟ್ಟು, ಆಮೇಲೆ ಇನ್ನೊಂದು.
ಎರಡು ಒಟ್ಟಿಗೆ ಬಿಚ್ಚಿದವನ ಕಂಬ ಹೋದ ವರ್ಷ
ಪಕ್ಕದ ದೋಣಿಯ ಅಡುಗೆಕಟ್ಟೆ ಮೇಲೆ ಮಲಗಿತ್ತು.
ಬಿಚ್ಚಿದ ತಂತಿಯ ಜಾಗಕ್ಕೆ ಹಾಯಿ ಎತ್ತುವ ಹಗ್ಗ,
ಈ ಕೆಲಸಕ್ಕೆ ಹುಟ್ಟಿದ್ದಲ್ಲ, ಬಿಗಿದರೆ ನಿಲ್ಲುತ್ತದೆ,
ಇನ್ನೊಬ್ಬರ ಬಾಣಂತಿ ರಜೆಗೆ ಬಂದ
ಬದಲಿ ಟೀಚರಿನ ಹಾಗೆ.

ಹಲಗೆಯ ಜೋಲಿಯಲ್ಲಿ ನಾನು ಮೇಲಕ್ಕೆ,
ಕೆಳಗೆ ರಾಟೆ ಸುತ್ತಲು ವೈಕೆ.
ಆ ಹೊತ್ತು ಬಂದರಲ್ಲಿದ್ದವಳು ಅವಳೊಬ್ಬಳೇ,
ಮೀನಿನ ಹೊಗೆಗೂಡಿಗೆ ಕಟ್ಟಿಗೆ ಒಟ್ಟುತ್ತಾ.
ಎಂಟು ಮೀಟರ್.
ಕೆಳಗೆ ಗೇಣುದ್ದದ ಓಲಾಟ, ಮೇಲೆ ಬರುವಷ್ಟರಲ್ಲಿ ಒಂದು ಮಾರು.
ಹಲ್ಲಲ್ಲಿ ಪಿನ್ನು ಕಚ್ಚಿ ಕಂಬ ತಬ್ಬಿಕೊಂಡಿದ್ದಾಗ
ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಸಿಗರೇಟು, ಕೇಳಿದಳು:
ಹೋದ ಸೆಪ್ಟೆಂಬರಿನ ಬ್ಯಾಟರಿ ದುಡ್ಡು ಯಾವಾಗ, ಕಲ್ಯು?
ಹ್ಞೂಂ ಎಂದೆ.
ಯಾವ ಹ್ಞೂಂ?
ಪಿನ್ನು ಕೈಗೆ ತೆಗೆದುಕೊಂಡೆ.
ಶುಕ್ರವಾರದ ಹ್ಞೂಂ.

ಮೊದಲನೆಯದು ಗಿಡ್ಡವಾಯಿತು.
ಹಳತನ್ನು ನೆಲಕ್ಕೆ ಮಲಗಿಸಿ ಅಳೆದಿದ್ದೆ,
ಮಲಗಿದ ತಂತಿ ತನ್ನ ಪೂರ್ತಿ ಉದ್ದ ಹೇಳುವುದಿಲ್ಲ.
ಎರಡು ಬೆರಳಿನ ತಪ್ಪಿಗೆ ಒಂದು ಕೊಂಡಿ ಸೇರಿಸಿದ್ದೇನೆ.
ಎಡಗಡೆ, ಹಿಂದಿನದು. ಹುಡುಕಿದರೆ ಸಿಗುತ್ತದೆ.
ಉಳಿದ ಏಳನ್ನು ಮರಕ್ಕೆ ಬಿಗಿದು, ಜಗ್ಗಿ ಅಳೆದೆ.

ಶನಿವಾರ ನೈಋತ್ಯದ ಗಾಳಿ.
ದೋಣಿ ವಾಲಿತು. ಗಾಳಿಯ ಕಡೆಯವು ಸೆಟೆದವು,
ಈಚೆಯವು ತುಸು ಸಡಿಲ. ಎದೆ ಧಸಕ್ಕೆಂದಿತು.
ಆಮೇಲೆ ನೆನಪಾಯಿತು, ಹಾಗೇ ಇರಬೇಕು:
ಎಂಟೂ ಒಟ್ಟಿಗೆ ದುಡಿಯುವುದಿಲ್ಲ ಯಾವತ್ತೂ.

ಹಳೇ ತಂತಿಗಳನ್ನು ವೈಕೆ ಬಡ್ಡಿ ಎಂದು ಒಯ್ದಳು.
ಈಗ ಗೂಡಿನೊಳಗೆ ಅವುಗಳ ಮೇಲೆ ಚಪ್ಪಟೆ ಮೀನು,
ಸಾಲಾಗಿ, ಬಾಲ ಮೇಲೆ.
ಎಳೆ ಮುರಿದಿದ್ದ ಕಡೆ ಬಟ್ಟೆ ಸುತ್ತಿದ್ದಾಳೆ.
ನಾನು ಹೇಳಿರಲಿಲ್ಲ.