ಕಣ್ಣಳತೆ

ಲೌಶಾದಲ್ಲಿ ನಮ್ಮದು ಗಾಜಿನ ಕಣ್ಣು ಮಾಡುವ ಮನೆ.
ಅಜ್ಜ ಮಾಡಿದ್ದು ಯುದ್ಧದಿಂದ ಬಂದವರಿಗೆ,
ಅಪ್ಪ ಮಾಡಿದ್ದು ಕಾರ್ಖಾನೆಯ ಕಿಡಿ ತಗುಲಿದವರಿಗೆ,
ನಾನು, ಬಾಗಿಲು ತಟ್ಟಿದವರಿಗೆ.

ಉರಿಗೆ ಬಿಳಿ ಕೊಳವೆ ಹಿಡಿದು ಊದಿ
ಗುಂಡಗಾದ ಮೇಲೆ ಬಣ್ಣದ ಕಡ್ಡಿಯಿಂದ
ಪಾಪೆ, ಪಾಪೆಯ ಸುತ್ತ ಬೂದು.
ಕೊನೆಗೆ ಕೆಂಪು ಗಾಜಿನ ಎಳೆ, ಕೂದಲಿಗಿಂತ ಸಣ್ಣದು,
ನಿದ್ದೆಗೆಟ್ಟವರ ಕಣ್ಣಲ್ಲಿರುವಂಥ ನರ.
ಅದಿಲ್ಲದಿದ್ದರೆ ಎದುರಿನವರು ಒಂದು ಕ್ಷಣ ಹೆಚ್ಚು ನೋಡುತ್ತಾರೆ.
ಆ ಒಂದು ಕ್ಷಣದಲ್ಲಿ ನನ್ನ ಕಸುಬಿನ ಮಾನ ಹೋಗುತ್ತದೆ.

ಆದ್ದರಿಂದ, ಕೆಲಸ ಕಲಿಯಲು ಬಂದ ಟೆಕ್ಲಾ
ಫೋನು ಚಾಚಿ, "ಯೇನಾದಿಂದ ಕರೆ ಬಂದಿದೆ, ನೋಡಿ" ಅಂದಾಗ
ನಾನು ಸಂಬಳ ನೋಡಲಿಲ್ಲ.
ಕಣ್ಣು ನೋಡಿದೆ.

ಡಾಕ್ಟರ್ ಅನ್ನೆಗ್ರೆಟ್ ಸೋಲ್‌ಮನ್,
ಮಸೂರದ ಕಂಪನಿಯೊಂದರ ನೇಮಕಾತಿ ಮುಖ್ಯಸ್ಥೆ.
ಎರಡು ಪದವಿ, ಹನ್ನೊಂದು ವರ್ಷದ ಅನುಭವ,
ಖಾತೆ ತೆರೆದು ಹತ್ತೊಂಬತ್ತು ದಿನ.
ಹಸುಗೂಸಿನ ಕಣ್ಣಬಿಳುಪು, ಒಂದು ನರವಿಲ್ಲ.
ಎಡಗಣ್ಣಲ್ಲಿ ಕಿಟಕಿಯೊಂದು ಹೊಳೆಯುತ್ತಿತ್ತು,
ಬಲಗಣ್ಣಿಗೆ ಆ ಕಿಟಕಿಯ ಸುದ್ದಿಯೇ ಇಲ್ಲ.
ಒಂದು ಕಿವಿಯಲ್ಲಿ ಮುತ್ತು. ಇನ್ನೊಂದರದು
ಕೂದಲೊಳಗೆ ಬೆಣ್ಣೆಯ ಹಾಗೆ ಕರಗಿತ್ತು.
ಕಣ್ಣು ಮಾಡುವವಳ ಕಣ್ಣಿಗೇ ಮಣ್ಣೆರಚಲು ಬಂದರಲ್ಲ!

ಆಕೆಯನ್ನು ಹೊಗಳಿ ಬರೆದವರು ನಾಲ್ವರು.
ಮರದ ಅಳತೆಪಟ್ಟಿ ತಂದು ಪರದೆಯ ಮೇಲಿಟ್ಟೆ:
ಐದು ಮುಖ, ಹತ್ತು ಕಣ್ಣು, ಒಂದೇ ಗೆರೆ,
ಎಣ್ಣೆ ಹಾಕಿ ತೆಗೆದ ಬೈತಲೆಯಷ್ಟು ನೇರ.
"ಮನುಷ್ಯರು ಹೀಗೆ ನಿಲ್ಲುವುದಿಲ್ಲ ಕಣೆ,
ಒಬ್ಬರಾದರೂ ಕತ್ತು ವಾಲಿಸುತ್ತಾರೆ."

ಟೆಕ್ಲಾ ಮಾತಾಡಲಿಲ್ಲ.
ತರಬೇತಿಯ ಪೆಟ್ಟಿಗೆಗೆಂದು ಆಗಲೇ
ಇನ್ನೂರ ನಲವತ್ತು ಯೂರೋ ಕಳಿಸಿಬಿಟ್ಟಿದ್ದಳು.
ಆಮೇಲೆ ಉರಿಯ ಕಡೆ ತಿರುಗಿ:
"ನೀವೂ ಸುಳ್ಳು ಕಣ್ಣನ್ನೇ ಮಾರುತ್ತೀರಲ್ಲ?"

ಮಾರುತ್ತೇನೆ. ಕೊಂಡವನಿಗೆ ಗೊತ್ತಿರುತ್ತದೆ, ಅಂದೆ.
ರಾತ್ರಿ ತೆಗೆದು ತೊಳೆದಿಡುವವನು ಅವನೇ.
ಹೇಳಿದ್ದು ನನಗೇ ರುಚಿಸಿತು.

ರುಚಿಸಿದ್ದೇ ತಪ್ಪಾಯಿತು.
ಆ ಚಳಿಗಾಲವಿಡೀ ಊಟದ ಮೇಜಿನ ಮೇಲೆ ಅಳತೆಪಟ್ಟಿ.
ಪರಿಚಯ ಕೋರಿದ ಯಾರನ್ನೂ ಬಿಡಲಿಲ್ಲ.
ಮೂವರನ್ನು ಹಿಡಿದೆ, ದೂರು ಒತ್ತಿದೆ, ಮೂವರೂ ಮಾಯ.
ನಾಲ್ಕನೆಯವನು ಜೂಲ್ ಊರಿನ ಸೇತುವೆ ಪರೀಕ್ಷಕ,
ಎಗ್‌ಬರ್ಟ್ ಲುತಾರ್ಟ್.
ಬಲಗಣ್ಣ ದೀಪ ಇಲ್ಲಿ, ಎಡಗಣ್ಣ ದೀಪ ಅಲ್ಲಿ,
ನೋಟದ ದಿಕ್ಕೂ ಕೂದಲೆಳೆಯಷ್ಟು ಬೇರೆ.
ಒತ್ತಿದೆ. ಹೋದ. ಚಹಾ ಕುಡಿದೆ.

ಮಾರ್ಚಿನಲ್ಲಿ ಅಂಚೆಯಲ್ಲಿ ಕೈಬರಹದ ಕಾಗದ:
"ನನ್ನ ಎಡಗಣ್ಣು ನಿಮ್ಮ ತಂದೆ ಮಾಡಿದ್ದು,
ನನಗೆ ಒಂಬತ್ತು ವರ್ಷವಿದ್ದಾಗ. ಆಮೇಲಿನವೂ ಅವರವೇ.
ಅವರ ಕೈಯ ಕೊನೆಯದು ಸವೆದಿದೆ,
ಅದಕ್ಕೇ ನಿಮ್ಮನ್ನು ಹುಡುಕಿದ್ದೆ. ಆದರೆ ತಾಣದವರು
ನಾನು ಅಸಲಿ ಮನುಷ್ಯನಲ್ಲ ಎನ್ನುತ್ತಾರೆ.
ಹದಿನೇಳು ವರ್ಷ ಸೇತುವೆಗಳ ಕೆಳಗೆ ತೂಗಾಡಿ
ಬಿರುಕು ಎಣಿಸಿದ್ದೇನೆ. ಯಾರಿಗೆ ತೋರಿಸಲಿ ಇದನ್ನು?"

ಜೊತೆಗೊಂದು ಪಾಸ್‌ಪೋರ್ಟ್ ಚಿತ್ರ.
ಭೂತಗನ್ನಡಿ ಹಿಡಿದೆ.
ಎಡ ಪಾಪೆಯ ಕೆಳಗೆ, ಗಡಿಯಾರದ ಏಳರ ಜಾಗದಲ್ಲಿ
ಒಂದು ಜೇನಿನ ಚುಕ್ಕೆ.
ಪ್ರತಿ ಕಣ್ಣಿಗೂ ಅಪ್ಪ ಗುಟ್ಟಾಗಿ ಹಾಕುತ್ತಿದ್ದ ರುಜು.
ಮನೆಯ ಕೈಯನ್ನೇ ಗುರುತಿಸದೆ ಹೋಗಿದ್ದೆ.

ಗುರುವಾರ ಬಂದ. ಕುರ್ಚಿ ತೋರಿಸುವ ಮೊದಲೇ ಹೇಳಿದೆ,
ದೂರು ಒತ್ತಿದ್ದು ನಾನು.
ಇದ್ದ ಒಂದು ಕಣ್ಣಲ್ಲಿ ಬಹಳ ಹೊತ್ತು ನೋಡಿದ.
"ಬಿರುಕು ಕಂಡರೆ ನಾವೂ ಮೊದಲು ಸೇತುವೆ ಮುಚ್ಚುತ್ತೇವೆ," ಅಂದ,
"ಆಮೇಲೆ ಕೆಳಗಿಳಿದು ನೋಡುತ್ತೇವೆ."

ಟೆಕ್ಲಾಳ ದುಡ್ಡು ಬರಲಿಲ್ಲ.
ಎಗ್‌ಬರ್ಟನ ಖಾತೆ ಮೇ ತಿಂಗಳಲ್ಲಿ ಮರಳಿತು.
ಹೊಸ ಕಣ್ಣಿಟ್ಟು ಟೆಕ್ಲಾ ತೆಗೆದ ಹೊಸ ಚಿತ್ರ;
ಎರಡು ದೀಪಗಳು ಈಗಲೂ ಒಂದು ಮಾತಿಗೆ ಬರುವುದಿಲ್ಲ.
ಅದರ ಕೆಳಗೆ, ಶಿಫಾರಸಿನ ಜಾಗದಲ್ಲಿ, ಬರೆದೆ:

ಇವರ ಎಡಗಣ್ಣು ಸುಳ್ಳು. ಮಾಡಿದವಳು ನಾನು.
ಮಿಕ್ಕದ್ದಕ್ಕೆಲ್ಲ ಸಾಕ್ಷಿ.