ಬಿಳಿಯ ಲೆಕ್ಕ

ಮ್ವಾಂಜಾದಲ್ಲಿ ಮಂಗಳವಾರ ರಕ್ತದ ದಿನ.
ಏಳಕ್ಕೇ ಸರೋವರದ ಗಾಳಿ
ಒಣಮೀನಿನ ವಾಸನೆ ಹೊತ್ತು ಕಿಟಕಿಗೆ ಬರುತ್ತದೆ.
ದೊಡ್ಡ ಯಂತ್ರ ಕೆಟ್ಟು ಮೂರು ತಿಂಗಳು.
ಚೌಕಳಿ ಗಾಜಿಗೆ ಹನಿ ಬಿಟ್ಟು, ಕಣ್ಣು ಕೀಲಿಸಿ
ನಾನೇ ಎಣಿಸುತ್ತೇನೆ, ಹೆಬ್ಬೆರಳ ಕೆಳಗೆ ಗುಂಡಿ:
ಟಕ್, ಟಕ್.
ಹೆಸರು ಮೊದಲು ನೋಡುವುದಿಲ್ಲ. ಅಭ್ಯಾಸ.

ಇನ್ನೊಂದು ಗಾಜಿನಲ್ಲಿ ಕುಡುಗೋಲುಗಳು,
ಕೊಯ್ಯಲು ಪೈರಿಲ್ಲದೆ
ತಮ್ಮದೇ ಓಣಿಯಲ್ಲಿ ಸಿಕ್ಕಿಕೊಂಡವು.
ಎಲ್ಲರೂ ಅವನ್ನೇ ಬೈಯುತ್ತಾರೆ.
ನನಗೆ ಭಯ ಬಿಳಿ ಕಣಗಳದು:
ಕಳ್ಳನಿಲ್ಲದ ಮನೆಯಲ್ಲಿ ರಾತ್ರಿಯಿಡೀ
ಲಾಠಿ ಕುಟ್ಟುವ ಕಾವಲುಗಾರರು,
ಗೋಡೆಗೆ ಅಂಟಿ, ದಾರಿಗೆ ಅಡ್ಡ ನಿಂತು.
ಉರಿ, ಆಮೇಲೆ ಊತ. ಪುಸ್ತಕದಲ್ಲಿ ಒಂದೇ ಪದ;
ಮಗುವಿನ ಮೈಯಲ್ಲಿ ಬಿಡಿಸಿ ಓದಬಹುದು.

ಕಬೂಲಾ ಮೊದಲು ಬಂದಾಗ ಎರಡು ವರ್ಷ.
ಹತ್ತು ಬೆರಳೂ ಬೆಂದ ಗೆಣಸು.
ಅಜ್ಜಿ ಸೊಪ್ಪು ಅರೆದು ಕಟ್ಟಿದ್ದಳು, ಯಾರೋ ಮಾಟವೆಂದಿದ್ದರು.
ನ್ಯಾಮಿಜಿ ಏನೂ ಅನ್ನದೆ ಕೈ ಮುಂದೆ ಚಾಚಿದಳು,
ತನ್ನದಲ್ಲ, ಮಗಳದು.
ಆ ದಿನ ಎಣಿಸಿದ್ದು ಹತ್ತೊಂಬತ್ತು ಸಾವಿರ.

ಐದರಲ್ಲಿ ಮಾತ್ರೆ ಶುರು. ಹೈಡ್ರಾಕ್ಸಿಯೂರಿಯಾ.
ನ್ಯಾಮಿಜಿಗೆ ಕೇಳಿಸಿದ್ದು ಬರೀ ಯೂರಿಯಾ.
'ಮೆಕ್ಕೆಜೋಳಕ್ಕೆ ಹಾಕುವುದನ್ನು ಕೂಸಿಗೆ ಹಾಕುತ್ತೀರಾ?'
ಡಾಕ್ಟರ್ ನಗಲಿಲ್ಲ, ಕೂತು ಹೇಳಿದರು:
ಬಸಿರಿನೊಳಗಿದ್ದಾಗಿನ ರಕ್ತವನ್ನು
ಇದು ಮೈಗೆ ಮತ್ತೆ ನೆನಪಿಸುತ್ತದೆ,
ಆಗ ಕಣ ಅಷ್ಟು ಬಾಗುವುದಿಲ್ಲ.
ಕಾವಲಿನವರನ್ನೂ ಕೊಂಚ ಮನೆಗೆ ಕಳಿಸುತ್ತದೆ.

ಹದಿನಾರು. ಹದಿಮೂರು.
'ಇಳಿದರೆ ಒಳ್ಳೆಯದೇ?' ಅವಳು ಪ್ರತಿ ಸಲ ಕೇಳುತ್ತಿದ್ದಳು;
ಸಂತೆಯ ತಕ್ಕಡಿಯಲ್ಲಿ, ಗಂಡನ ಬಲೆಯಲ್ಲಿ
ಇಳಿದದ್ದು ಯಾವುದೂ ಅವಳಿಗೆ ಒಳ್ಳೆಯದು ಮಾಡಿರಲಿಲ್ಲ.

ಆಗಸ್ಟಿನಲ್ಲಿ ಔಷಧದ ಪೆಟ್ಟಿಗೆ ಬರಲಿಲ್ಲ.
ಸೆಪ್ಟೆಂಬರಿನಲ್ಲೂ.
ಹದಿನೆಂಟು, ಜ್ವರ, ವಾರ್ಡಿನಲ್ಲಿ ಆರು ರಾತ್ರಿ.
ಅವಳ ಅಳು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರುತ್ತಿತ್ತು,
ಟಕ್ ಟಕ್ ನಡುವೆ ಲೆಕ್ಕ ತಪ್ಪಿ
ಮತ್ತೆ ಒಂದರಿಂದ.

ಮರುವರ್ಷ ಒಮ್ಮೆ ಮೂರಕ್ಕೂ ಕೆಳಗೆ.
ಚಪ್ಪಲಿ ಮರೆತು ಡಾಕ್ಟರರ ಬಾಗಿಲಿಗೆ ಓಡಿದೆ.
ಮಾತ್ರೆ ಎರಡು ವಾರ ನಿಂತಿತು.
ಕಾವಲೇ ಇಲ್ಲದ ಮನೆಗೆ ಯಾರು ಬೇಕಾದರೂ ನುಗ್ಗಬಹುದು.

ಇಂದು ಏಳು ಸಾವಿರದ ನಾನೂರು.
ಹೆಸರು ನೋಡಿ, ಚೀಟಿ ಹಿಡಿದು ಕೆಳಗಿಳಿದೆ.
ನೋವು ಹೋಗಿಲ್ಲ; ತಣ್ಣೀರಲ್ಲಿ ಮಿಂದರೆ ಮೊಣಕಾಲಿಗೆ ಬರುತ್ತದೆ.
ಕಣ್ಣು ಇನ್ನೂ ಹಳದಿ.
ಆದರೆ ಬೆಂಚಿನ ಮೇಲೆ ಅಣ್ಣ ಮಸುಂಗಾನ ಎದುರು
ಬಾವು ಇಳಿದ ಬೆರಳು ಬಾವೊ ಆಡುತ್ತಿವೆ:
ಗುಳಿಯಿಂದ ಬೀಜ ಬಾಚಿ, ಒಂದೊಂದೇ ಬಿಟ್ಟು,
ತುದಿಬೆರಳಲ್ಲಿ, ಚಿಟಿಕೆಯಲ್ಲಿ.

ಅವನು ಆಕಳಿಸಿದ ಹೊತ್ತಿಗೆ
ತನ್ನ ಗುಳಿಗೆ ಒಂದು ಬೀಜ ಹೆಚ್ಚು ಹಾಕಿಕೊಂಡಳು.
ಎಣಿಸುವುದೇ ನನ್ನ ಕಸುಬು.
ಸುಮ್ಮನಿದ್ದೆ.